ಪೈಥಾನ್ ಬಿಲ್ಲಿಂಗ್: 53.50ರ ಮೇಲೆ 5% ತೆರಿಗೆ ಒಂದು ಕಡೆ 2.67, ಇನ್ನೊಂದು ಕಡೆ 2.68. ಯಾವುದು ಸರಿ?

ಪೈಸೆಲೆಕ್ಕ (ಪ್ರಶ್ನೆ)

ಪೈಥಾನ್ 3.10ರ ಬಿಲ್ಲಿಂಗ್ ಪ್ರೋಗ್ರಾಂ. ಡೇಟಾ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿದೆ. ಸ್ಕ್ರೀನ್ ಮೇಲೆ ಕಾಣುವ ಮೊತ್ತವನ್ನು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಲೆಕ್ಕ ಹಾಕುತ್ತೆ, ಪಿಡಿಎಫ್ ಬಿಲ್ಲನ್ನು ಪೈಥಾನ್ ಮಾಡುತ್ತೆ. ಎಲ್ಲ ಮೊತ್ತಗಳೂ ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಯಂತ್ರ ಬೈನರಿಯಲ್ಲಿ ಇಡುವ ಟೈಪ್). ದಿನದ ಕೊನೆಯ ಟೋಟಲ್‌ನಲ್ಲಿ ಒಂದೆರಡು ಪೈಸೆ ತಾಳೆಯಾಗುತ್ತಿಲ್ಲ. ಹುಡುಕಿದಾಗ ಸಿಕ್ಕ ಸಾಲುಗಳು ಕೆಳಗಿವೆ. ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ (ರೌಂಡ್‌ನ ಕೊನೆಯ 2 ಅಂದರೆ ಎರಡು ದಶಮಾಂಶಕ್ಕೆ, ಇಂಟ್ ಪೂರ್ಣಾಂಕ ಮಾಡುತ್ತೆ, ಸಮ್ ಕೂಡುತ್ತೆ).

53.5 * 0.05 → 2.6750000000000003
ರೌಂಡ್(53.5 * 0.05, 2) → 2.68
ರೌಂಡ್(53.5 * 5 / 100, 2) → 2.67

ಇಂಟ್(19.99 * 100) → 1998

ರೌಂಡ್(112.5) → 112

ಸಮ್([0.1] * 10) → 0.9999999999999999

ಇದೇ ಸಮ್ ಪೈಥಾನ್ 3.12 ಇರುವ ಕಂಪ್ಯೂಟರಿನಲ್ಲಿ 1.0 ಅನ್ನುತ್ತೆ. ಇನ್ನೂ ಒಂದಿದೆ: 5 ರೂಪಾಯಿಯ ಮೇಲೆ 2.5% ಅಂದರೆ 0.125. ಅದು ಪಿಡಿಎಫ್‌ನಲ್ಲಿ 0.12, ಸ್ಕ್ರೀನ್ ಮೇಲೆ ಜಾವಾಸ್ಕ್ರಿಪ್ಟ್‌ನ ಟುಫಿಕ್ಸ್‌ಡ್(2) (ಎರಡು ದಶಮಾಂಶಕ್ಕೆ ತರುವ ಫಂಕ್ಷನ್) ಹಾಕಿದರೆ 0.13.

ಎಲ್ಲ ಕಡೆ ರೌಂಡ್ ಹಾಕಿಬಿಟ್ಟರೆ ಸಾಕಾ, ಡೆಸಿಮಲ್‌ಗೆ (ಸಂಖ್ಯೆಯನ್ನು ಹತ್ತರ ಲೆಕ್ಕದಲ್ಲೇ ಇಡುವ ಪೈಥಾನ್ ಟೈಪ್) ಹೋಗಲೇಬೇಕಾ? ಈಗಾಗಲೇ ಇರುವ ಡೇಟಾ ಗತಿಯೇನು?

ಎರಡರ_ಘಾತ

ನೀವು ಒಂದೇ ಕಾಯಿಲೆ ಅಂದುಕೊಂಡಿರುವುದು ಎರಡು ಕಾಯಿಲೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲನೆಯದು, ಸಂಖ್ಯೆ ಯಂತ್ರದೊಳಗೆ ಹೇಗೆ ಕೂತಿದೆ ಅನ್ನುವುದು. ಎರಡನೆಯದು, ಸರಿಯಾಗಿ ನಡುಮಧ್ಯಕ್ಕೆ ಬಂದ ಸಂಖ್ಯೆಯನ್ನು ಯಾವ ಕಡೆಗೆ ತಳ್ಳಬೇಕು ಅನ್ನುವ ನಿಯಮ. ನಿಮ್ಮ ಪಟ್ಟಿಯಲ್ಲಿ 112.5 ಮತ್ತು 0.125 ಎರಡನೆಯ ಬಗೆಯವು. ಉಳಿದವೆಲ್ಲ ಮೊದಲನೆಯವು.

ಮೊದಲನೆಯದನ್ನು ನೋಡೋಣ. ಪೈಥಾನಿನ ಫ್ಲೋಟ್ ಎಂದರೆ ಐಇಇಇ 754 ಮಾನಕದ 64 ಬಿಟ್ ಸಂಖ್ಯೆ: ಚಿಹ್ನೆಗೆ 1 ಬಿಟ್, ಘಾತಕ್ಕೆ 11, ಅಂಕಿಗಳಿಗೆ 52. ಅಂಕಿಗಳ ಮುಂದಿನ 1ನ್ನು ಬರೆದಿಡದೇ ಇದೆಯೆಂದು ಹಿಡಿಯುವುದರಿಂದ ನಿಜವಾದ ನಿಖರತೆ 53 ಬಿಟ್. ಛೇದದಲ್ಲಿ ಎರಡರ ಘಾತ ಮಾತ್ರ ಇರುವ ಭಿನ್ನರಾಶಿ ಇದರಲ್ಲಿ ಚಾಚೂ ತಪ್ಪದೆ ಕೂರುತ್ತದೆ. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ, ಇವಕ್ಕೆಲ್ಲ ಯಂತ್ರ ಸೈ. ಹತ್ತರಲ್ಲೊಂದು ಮಾತ್ರ ಆಗದು. ನಮಗೆ 1/3 ಬರೆಯಹೋದರೆ 0.333 ಎಂದು ಮುಗಿಯದಂತೆ, ಬೈನರಿಯಲ್ಲಿ 1/10 ಕೂಡ 0.000110011001100 ಎಂದು ಹೋಗುತ್ತಲೇ ಇರುತ್ತದೆ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಸೊನ್ನೆಯಿಂದ 99ರವರೆಗಿನ ನೂರು ಪೈಸೆಗಳಲ್ಲಿ ನಿಖರವಾಗಿ ಕೂರುವವು ನಾಲ್ಕೇ: 00, 25, 50, 75. ರೂಪಾಯಿಗೆ ಹದಿನಾರಾಣೆ ನಡೆಯುತ್ತಿದ್ದ ಕಾಲದಲ್ಲಾದರೆ ಒಂದಾಣೆ 0.0625, ಅದಕ್ಕೆ ತಕರಾರೇ ಇರುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಕ್ಕೆ ಬಂದೆವು, ಕಂಪ್ಯೂಟರ್ ಇನ್ನೂ ವೀಸದ ಲೆಕ್ಕದಲ್ಲೇ ಇದೆ. (ಆಣೆಗೆ ಹನ್ನೆರಡು ಪೈ ಇತ್ತು, ಆ ಪೈ ಬಂದರೆ ಮಾತ್ರ ಮತ್ತೆ ಕೆಡುತ್ತಿತ್ತು.)

ಈಗ ನಿಮ್ಮ 53.50. ಒಳಗೆ ಏನಿದೆ ಎಂದು ನೋಡಲು ಫ್ಲೋಟನ್ನು ನೇರವಾಗಿ ಡೆಸಿಮಲ್‌ಗೆ ಕೊಡಿ, ಪೂರ್ತಿ ಬೆಲೆಯನ್ನು ಬಿಚ್ಚಿ ತೋರಿಸುತ್ತದೆ:

ಡೆಸಿಮಲ್(2.675) → 2.67499999999999982236431605997495353221893310546875
ಡೆಸಿಮಲ್(0.05) → 0.05000000000000000277555756156289135105907917022705078125

53.5 ನಿಖರ. 53.5 * 5 = 267.5 ಕೂಡ ನಿಖರ. ಅದನ್ನು 100ರಿಂದ ಭಾಗಿಸಿದಾಗ 2.675ಕ್ಕೆ ತೀರಾ ಹತ್ತಿರದ ಫ್ಲೋಟ್ ಸಿಗುತ್ತದೆ, ಅದು ಮೇಲಿನ 2.67499… ಹಾಗಾಗಿ 2.67. ಇನ್ನೊಂದು ದಾರಿಯಲ್ಲಿ 0.05 ಹುಟ್ಟಿನಿಂದಲೇ ಕೂದಲೆಳೆ ಜಾಸ್ತಿ. ಅದು 53.5ರಿಂದ ಗುಣಿಸಿಕೊಂಡು ಪಕ್ಕದ ಮೇಲಿನ ಫ್ಲೋಟ್‌ಗೆ ಜಿಗಿಯುತ್ತದೆ, ಆದ್ದರಿಂದ 2.68. ರೌಂಡ್ ಎರಡೂ ಸಲ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ರೌಂಡ್ ಮಾಡಿದೆ, ಅದರ ಕೈಗೆ ಬಂದ ಸಂಖ್ಯೆಗಳೇ ಬೇರೆ ಬೇರೆ. ಅದಕ್ಕೇ ‘ಎಲ್ಲ ಕಡೆ ರೌಂಡ್’ ಪರಿಹಾರವಲ್ಲ.

ದಾರಿ ತಪ್ಪಿಸುವುದು ಏನೆಂದರೆ, ಪ್ರಿಂಟ್ ಮಾಡಿದಾಗ ಪೈಥಾನ್ 2.675 ಎಂದು ಚೊಕ್ಕವಾಗಿ ತೋರಿಸುತ್ತದೆ. ಮತ್ತೆ ಓದಿದರೆ ಅದೇ ಫ್ಲೋಟ್ ಸಿಗುವಂಥ ಅತಿ ಚಿಕ್ಕ ಬರಹವನ್ನು ಅದು ಆರಿಸಿಕೊಳ್ಳುತ್ತದೆ, ಅಷ್ಟೇ. ಚೊಕ್ಕವಾಗಿ ಕಂಡಿತು ಎಂದು ಒಳಗೂ ಚೊಕ್ಕವಿದೆ ಎಂದುಕೊಳ್ಳಬಾರದು.

ಎರಡನೆಯ ಕಾಯಿಲೆ: 112.5 ಬೈನರಿಯಲ್ಲಿ ನಿಖರವಾಗಿ ಕೂರುತ್ತದೆ, ತಪ್ಪೇನೂ ಇಲ್ಲ. ಆದರೆ ಪೈಥಾನ್ 3ರ ರೌಂಡ್, ನಡುಮಧ್ಯಕ್ಕೆ ಬಂದದ್ದನ್ನು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. 0.5 → 0, 1.5 → 2, 2.5 → 2, 112.5 → 112, 113.5 → 114. ಯಾವಾಗಲೂ ಮೇಲಕ್ಕೇ ತಳ್ಳುತ್ತಾ ಹೋದರೆ ಸಾವಿರಾರು ಸಂಖ್ಯೆಗಳ ಮೊತ್ತ ಒಂದೇ ಕಡೆಗೆ ವಾಲುತ್ತದೆ, ಅದನ್ನು ತಪ್ಪಿಸಲು ಈ ನಿಯಮ. ಅಂಕಿಅಂಶಕ್ಕೆ ಒಳ್ಳೆಯದು. ತೆರಿಗೆಗೆ ಅಲ್ಲ.

ತೆರಿಗೆಪಟ್ಟಿ

ತೆರಿಗೆಗೆ ನಿಯಮ ಕಾಯ್ದೆಯಲ್ಲೇ ಬರೆದಿದೆ, ಪ್ರೋಗ್ರಾಮರ್ ಇಷ್ಟಕ್ಕೆ ಬಿಟ್ಟಿಲ್ಲ. 2017ರ ಸಿಜಿಎಸ್‌ಟಿ (ಕೇಂದ್ರದ ಜಿಎಸ್‌ಟಿ) ಕಾಯ್ದೆಯ 170ನೇ ಸೆಕ್ಷನ್: ತೆರಿಗೆ, ಬಡ್ಡಿ, ದಂಡ ಇತ್ಯಾದಿ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕು, 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಮಾಡಬೇಕು, ಕಮ್ಮಿಯಿದ್ದರೆ ಬಿಡಬೇಕು. ಅಂದರೆ 112.50 ಆದರೆ 113. ಪೈಥಾನಿನ ರೌಂಡ್ ಕೊಡುವ 112 ಇಲ್ಲಿ ತಪ್ಪು ಉತ್ತರ.

ಇನ್ನೊಂದು ಪೈಸೆ ಕಳ್ಳ ಇದ್ದಾನೆ, ಅವನಿಗೂ ಫ್ಲೋಟ್‌ಗೂ ಸಂಬಂಧವೇ ಇಲ್ಲ. 10.05ರ ಮೇಲೆ 18% ಎಂದರೆ 1.809, ಅಂದರೆ 1.81. ಅದನ್ನೇ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ (ರಾಜ್ಯದ ಜಿಎಸ್‌ಟಿ) 9% ಎಂದು ಬೇರೆ ಮಾಡಿದರೆ ಒಂದೊಂದೂ 0.9045, ಅಂದರೆ 0.90. ಎರಡೂ ಸೇರಿ 1.80. ಕಾಗದದ ಮೇಲೆ ಕೈಯಲ್ಲಿ ಮಾಡಿದರೂ ಈ ಒಂದು ಪೈಸೆ ಬಂದೇ ಬರುತ್ತದೆ. ಹಾಗಾಗಿ ಅರ್ಧ ತೆರಿಗೆಯನ್ನು ಮೊದಲು ರೌಂಡ್ ಮಾಡಿ, ಒಟ್ಟು ತೆರಿಗೆಯನ್ನು ಅದರ ಎರಡರಷ್ಟು ಅಂತಲೇ ಹಿಡಿಯಿರಿ. 18%ನ್ನು ಬೇರೆಯಾಗಿ ಲೆಕ್ಕ ಹಾಕಿ ಪಕ್ಕದಲ್ಲಿ ತೋರಿಸಬೇಡಿ.

ಎಮ್‌ಆರ್‌ಪಿಯಲ್ಲಿ ತೆರಿಗೆ ಸೇರಿದ್ದಾಗ ಇದು ಇನ್ನೂ ಕಾಟ ಕೊಡುತ್ತದೆ. ಎಮ್‌ಆರ್‌ಪಿ 100, ದರ 18%. ತೆರಿಗೆ ರಹಿತ ಬೆಲೆ 100 * 100 / 118 = 84.7457, ಅಂದರೆ 84.75. ಅದರ 9% 7.6275, ಅಂದರೆ 7.63. ಕೂಡಿದರೆ 84.75 + 7.63 + 7.63 = 100.01. ಗಿರಾಕಿ ಕೊಡುವುದು ನೂರು, ಬಿಲ್ಲು ಹೇಳುವುದು ನೂರು ರೂಪಾಯಿ ಒಂದು ಪೈಸೆ. ತಿರುಗಿಸಿ ಮಾಡಿ: ಅರ್ಧ ತೆರಿಗೆ 100 * 9 / 118 = 7.627, ಅಂದರೆ 7.63. ಮೂಲ ಬೆಲೆ ಎಂದರೆ ಉಳಿದದ್ದು, 100 − 15.26 = 84.74. ಈಗ ಕೂಡಿದರೆ ಸರಿಯಾಗಿ 100.

ಪ್ರತಿ ಸಾಲಿಗೂ ಪೈಸೆಗೆ ರೌಂಡ್ ಮಾಡುವುದೋ, ಬಿಲ್ಲಿನ ಕೊನೆಗೆ ಒಂದೇ ಸಲ ಮಾಡುವುದೋ ಎಂಬುದನ್ನು ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೇಳಿ ಒಂದನ್ನೇ ಹಿಡಿಯಿರಿ. ಬೇರೆ ಬೇರೆ ಫೈಲಿನಲ್ಲಿ ಬೇರೆ ಬೇರೆ ರೀತಿ ಮಾಡುವುದೇ ಹೆಚ್ಚಿನ ತಾಪತ್ರಯಗಳ ಮೂಲ. ಬಿಲ್ಲಿನ ಕೊನೆಯ ‘ರೌಂಡ್ ಆಫ್’ ಸಾಲು ಪೂರ್ತಿ ರೂಪಾಯಿಗೆ ತರಲಿಕ್ಕೆ ಇರುವುದು, ಪ್ರೋಗ್ರಾಮಿನ ತಪ್ಪು ಮುಚ್ಚಲಿಕ್ಕೆ ಅಲ್ಲ.

ಹೊಸಕೋಡು

ಇಷ್ಟೆಲ್ಲ ಯಾಕೆ ಸರ್, ರೌಂಡ್ ಮಾಡುವ ಮೊದಲು 0.000000001 ಕೂಡಿಸಿಬಿಟ್ಟರೆ ಆಯ್ತಲ್ಲ? 2.67499… ಕೂಡ 2.68 ಆಗುತ್ತೆ.

ಎರಡರ_ಘಾತ

ಚಿಕ್ಕ ಮೊತ್ತಕ್ಕೆ ಆಗುತ್ತದೆ, ಅದೇ ಅದರ ಅಪಾಯ, ಟೆಸ್ಟ್‌ನಲ್ಲಿ ಪಾಸಾಗಿಬಿಡುತ್ತದೆ. ಫ್ಲೋಟ್ ದೊಡ್ಡದಾದಂತೆ ಅಕ್ಕಪಕ್ಕದ ಎರಡು ಫ್ಲೋಟ್‌ಗಳ ನಡುವಿನ ಅಂತರವೂ ದೊಡ್ಡದಾಗುತ್ತದೆ. ಮೊತ್ತ 1,67,77,216 ದಾಟಿತೆಂದರೆ (ಅದು ಎರಡರ 24ನೇ ಘಾತ) ಆ ಅಂತರದ ಅರ್ಧವೇ ನೀವು ಕೂಡಿಸಿದ್ದಕ್ಕಿಂತ ಹೆಚ್ಚು. ಅಂದರೆ ಕೂಡಿಸಿದ್ದು ಸಮುದ್ರಕ್ಕೆ ಸುರಿದ ಹುಣಸೆಹಣ್ಣು, ಸಂಖ್ಯೆ ಇದ್ದಲ್ಲೇ ಇರುತ್ತದೆ. ಕ್ರೆಡಿಟ್ ನೋಟ್‌ನ (ಬಿಲ್ಲಿನ ಮೊತ್ತವನ್ನು ಕಳೆಯುವ ಚೀಟಿ) ಮೈನಸ್ ಮೊತ್ತಕ್ಕೆ ಇದು ತಪ್ಪು ದಿಕ್ಕಿಗೆ ತಳ್ಳುತ್ತದೆ. ಜೊತೆಗೆ 112.5ರ ನಿಯಮದ ತೊಂದರೆಯನ್ನು ಇದು ಪರಿಹರಿಸುವುದಿಲ್ಲ, ಮರೆಮಾಚುತ್ತದೆ.

ಇಂಟ್ ಬಗ್ಗೆಯೂ ಹೇಳಿಬಿಡುತ್ತೇನೆ. 19.99 * 100 ಎಂದರೆ 1998.9999999999998. ಇಂಟ್ ರೌಂಡ್ ಮಾಡುವುದಿಲ್ಲ, ದಶಮಾಂಶದ ಬಾಲವನ್ನು ಕತ್ತರಿಸುತ್ತದೆ, ಅಲ್ಲಿಗೆ ಒಂದಿಡೀ ಪೈಸೆ ಹೋಯಿತು. ಕತ್ತರಿಸುವುದು ಒಂದೇ ಕಡೆಗೆ ವಾಲುವ ತಪ್ಪು. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಸೂಚ್ಯಂಕವನ್ನು 1000ದಿಂದ ಶುರುಮಾಡಿತು. ದಿನಕ್ಕೆ ಸಾವಿರಾರು ಸಲ ಮರುಲೆಕ್ಕ, ಪ್ರತಿ ಸಲವೂ ಮೂರನೇ ದಶಮಾಂಶದಾಚೆ ರೌಂಡ್ ಮಾಡದೆ ಕತ್ತರಿ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು, ಸರಿಪಡಿಸಿದಾಗ ಸುಮಾರು 1098 ಆಯಿತು.

ದಶಮಾಂಶ

ಇನ್ನು ಕೆಲಸದ ಮಾತು. ಪೈಥಾನಿನೊಳಗೆ ಡೆಸಿಮಲ್, ಡೇಟಾಬೇಸ್ ಮತ್ತು ಬ್ರೌಸರಿನಲ್ಲಿ ಪೈಸೆಯ ಪೂರ್ಣಾಂಕ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಜಾಗ ಒಂದೇ ಫೈಲಿನಲ್ಲಿರಲಿ. ಕೆಳಗಿನ ಕ್ವಾಂಟೈಜ್ ಎಂದರೆ ಡೆಸಿಮಲ್ ಅನ್ನು ಬೇಕಾದಷ್ಟು ದಶಮಾಂಶಕ್ಕೆ ತರುವ ಫಂಕ್ಷನ್.

ಒಂದು_ಪೈಸೆ = ಡೆಸಿಮಲ್('0.01')
ತೆರಿಗೆ = (ಡೆಸಿಮಲ್('53.50') * ಡೆಸಿಮಲ್('0.05')).ಕ್ವಾಂಟೈಜ್(ಒಂದು_ಪೈಸೆ, ರೌಂಡಿಂಗ್=ರೌಂಡ್_ಹಾಫ್_ಅಪ್) → 2.68

ಎಡವುವ ಜಾಗಗಳು ಹೇಳುತ್ತೇನೆ. ಉದ್ಧರಣ ಚಿಹ್ನೆ ಮರೆಯಬೇಡಿ. ಡೆಸಿಮಲ್(2.675) ಎಂದು ಬರೆದರೆ ಫ್ಲೋಟ್‌ನ ಕಸವೂ ಜೊತೆಗೇ ಬರುತ್ತದೆ, ಡೆಸಿಮಲ್('2.675') ಎಂದರೆ ಮಾತ್ರ ನಿಜವಾದ 2.675. ಫ್ಲೋಟ್ ಮತ್ತು ಡೆಸಿಮಲ್ ಕೂಡಿಸಲು ಹೋದರೆ ಟೈಪ್ ಎರರ್ ಬರುತ್ತದೆ. ಬರಲಿ, ಅದು ನಿಮ್ಮ ಗೆಳೆಯ, ಎಲ್ಲಿ ಫ್ಲೋಟ್ ನುಸುಳಿದೆ ಎಂದು ತೋರಿಸಿಕೊಡುತ್ತದೆ. ಆದರೆ ಎರಡನ್ನೂ == ಹಾಕಿ ಹೋಲಿಸಿದರೆ ಎರರ್ ಬರುವುದಿಲ್ಲ, 2.675ರಂಥ ನಿಖರವಾಗಿ ಕೂರದ ಸಂಖ್ಯೆಗೆ ಸುಮ್ಮನೆ ಫಾಲ್ಸ್ (ಸಮವಲ್ಲ) ಅನ್ನುತ್ತದೆ, ಅಲ್ಲಿ ಹುಷಾರು.

ಎಲ್ಲಕ್ಕಿಂತ ಮುಖ್ಯ, ಕ್ವಾಂಟೈಜ್‌ನಲ್ಲಿ ರೌಂಡಿಂಗ್ ಬರೆಯದೇ ಬಿಟ್ಟರೆ ಡೆಸಿಮಲ್ ಕೂಡ ಸಮಸಂಖ್ಯೆಗೇ ತಳ್ಳುತ್ತದೆ. 0.125 ಮತ್ತೆ 0.12 ಆಗುತ್ತದೆ. ‘ಡೆಸಿಮಲ್ ಹಾಕಿದೆ, ಆದರೂ ಪೈಸೆ ತಪ್ಪುತ್ತಿದೆ’ ಎನ್ನುವ ದೂರುಗಳಲ್ಲಿ ಇದನ್ನೇ ಮೊದಲು ನೋಡಬೇಕು. ಮೇಲೆ ಹೇಳಿದ ಎರಡು ಕಾಯಿಲೆಯ ಮಾತು ಇದೇ: ಡೆಸಿಮಲ್ ಮೊದಲನೆಯದಕ್ಕೆ ಮದ್ದು, ರೌಂಡ್_ಹಾಫ್_ಅಪ್ ಎರಡನೆಯದಕ್ಕೆ.

ಎಸ್‌ಕ್ಯೂಲೈಟ್‌ನಲ್ಲಿ ಕಾಲಮ್‌ಗೆ ಡೆಸಿಮಲ್(10,2) ಎಂದು ಟೈಪ್ ಕೊಟ್ಟರೂ ಅದು ಹೆಸರಿಗೆ ಮಾತ್ರ. ಅಲ್ಲಿ ದಶಮಾಂಶ ಟೈಪೇ ಇಲ್ಲ, '19.99' ಎಂದು ಬರಹವಾಗಿ ಕಳಿಸಿದರೂ ರಿಯಲ್, ಅಂದರೆ ಅದೇ ಫ್ಲೋಟ್, ಆಗಿ ಕೂರುತ್ತದೆ. ಇಂಟಿಜರ್ ಕಾಲಮ್ ಮಾಡಿ ಪೈಸೆಯಲ್ಲಿಡಿ: 19.99ಕ್ಕೆ 1999. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಾದರೆ ನ್ಯೂಮರಿಕ್ ಟೈಪ್ ನಂಬಬಹುದು. ಅಲ್ಲೂ ನ್ಯೂಮರಿಕ್ 2.5ನ್ನು ರೌಂಡ್ ಮಾಡಿದರೆ 3, ಡಬಲ್ ಪ್ರಿಸಿಷನ್ (ಅಂದರೆ ಫ್ಲೋಟ್) 2.5ನ್ನು ಮಾಡಿದರೆ 2, ಇದೊಂದು ನೆನಪಿರಲಿ.

ಪೈಸೆಯ ಪೂರ್ಣಾಂಕದಲ್ಲೇ ತೆರಿಗೆ ಹಾಕುವುದಾದರೆ ದರವನ್ನೂ ಪೂರ್ಣಾಂಕ ಮಾಡಿ, ಶೇಕಡಾ ಒಂದಕ್ಕೆ 100ರಂತೆ. 5% ಎಂದರೆ 500, 2.5% ಎಂದರೆ 250.

ತೆರಿಗೆ = (ಪೈಸೆ * ದರ + 5000) // 10000 (// ಎಂದರೆ ಪೂರ್ಣಾಂಕ ಭಾಗಾಕಾರ)

5350 * 500 = 2675000, 5000 ಕೂಡಿ 2680000, ಭಾಗಿಸಿದರೆ 268. ಅಂದರೆ 2.68. ನಿಮ್ಮ ಐದು ರೂಪಾಯಿಗೆ 500 * 250 = 125000, ಕೂಡಿ 130000, ಭಾಗಿಸಿದರೆ 13 ಪೈಸೆ. ಫ್ಲೋಟ್ ಎಲ್ಲೂ ಬರಲಿಲ್ಲ. ಮೈನಸ್ ಮೊತ್ತಕ್ಕೆ ಈ ಸಾಲನ್ನು ಹಾಗೆಯೇ ಬಳಸಬೇಡಿ. ಕೂಡಿಸಿದ 5000 ನಡುಮಧ್ಯದ ಮೈನಸ್ ಮೊತ್ತವನ್ನು ಸೊನ್ನೆಯ ಕಡೆಗೆ ತಳ್ಳುತ್ತದೆ, ಹಾಗಾಗಿ −500 ಪೈಸೆಗೆ −13ರ ಬದಲು −12 ಬರುತ್ತದೆ, ಬಿಲ್ಲೂ ಕ್ರೆಡಿಟ್ ನೋಟೂ ಒಂದಕ್ಕೊಂದು ವಜಾ ಆಗುವುದಿಲ್ಲ. ಚಿಹ್ನೆ ತೆಗೆದಿಟ್ಟು ಲೆಕ್ಕ ಮಾಡಿ ಕೊನೆಗೆ ಹಚ್ಚಿ. ಡೆಸಿಮಲ್‌ನ ರೌಂಡ್_ಹಾಫ್_ಅಪ್‌ನಲ್ಲಿ ಈ ಗೋಳಿಲ್ಲ, ಅದು ಸೊನ್ನೆಯಿಂದ ದೂರಕ್ಕೆ ತಳ್ಳುತ್ತದೆ.

ಬ್ರೌಸರಿನ ಕಡೆ: ಟುಫಿಕ್ಸ್‌ಡ್ ನಡುಮಧ್ಯದ 0.125ನ್ನು ದೊಡ್ಡದರ ಕಡೆಗೆ ತಳ್ಳುತ್ತದೆ, ಪೈಥಾನ್ ಸಮಸಂಖ್ಯೆಯ ಕಡೆಗೆ. ನಿಮ್ಮ 0.13 ಮತ್ತು 0.12ರ ಜಗಳ ಅದೇ. ಹಾಗೆಂದು ಟುಫಿಕ್ಸ್‌ಡ್ ನಂಬಬೇಡಿ, 1.005ಕ್ಕೆ ಅದು 1.00 ಕೊಡುತ್ತದೆ, ಯಾಕೆಂದರೆ ಒಳಗಿರುವುದು 1.00499… ತೆರಿಗೆಯನ್ನು ಎರಡು ಭಾಷೆಯಲ್ಲಿ ಎರಡು ಸಲ ಲೆಕ್ಕ ಮಾಡುವುದನ್ನೇ ಬಿಡಿ. ಸರ್ವರ್ ಪೈಸೆ ಕಳಿಸಲಿ, ಬ್ರೌಸರ್ ಚುಕ್ಕಿ ಹಾಕಿ ತೋರಿಸಲಿ. ಜಾವಾಸ್ಕ್ರಿಪ್ಟ್‌ನ ಸಂಖ್ಯೆ 9007199254740991ರವರೆಗೆ ಪ್ರತಿ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುತ್ತದೆ, ಪೈಸೆಯಲ್ಲಿ ಅಷ್ಟು ಯಾರ ಅಂಗಡಿಗೂ ಸಾಕು. ಸರ್ವರ್ ಮತ್ತು ಬ್ರೌಸರ್ ನಡುವೆ ಓಡಾಡುವ ಜೇಸನ್ ಬರಹವನ್ನು ಪೈಥಾನಿನಲ್ಲಿ ಓದುವಾಗ ಪಾರ್ಸ್_ಫ್ಲೋಟ್=ಡೆಸಿಮಲ್ ಎಂದು ಕೊಡಿ, ಇಲ್ಲದಿದ್ದರೆ ಬಾಗಿಲಲ್ಲೇ ಫ್ಲೋಟ್ ಆಗಿಬಿಡುತ್ತದೆ.

ತೂಕವನ್ನು ಮರೆಯಬೇಡಿ. ಬೆಲೆ ಡೆಸಿಮಲ್, 1.255 ಕೆಜಿ ಮಾತ್ರ ಫ್ಲೋಟ್ ಎಂದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಗ್ರಾಮಿನಲ್ಲಿ 1255 ಎಂದು ಪೂರ್ಣಾಂಕ ಇಡಿ.

ಪೈಸೆಲೆಕ್ಕ

ಎಲ್ಲರಿಗೂ ಧನ್ಯವಾದ. ಎರಡು ಉಳಿದಿವೆ. 3.12ರಲ್ಲಿ ಸಮ್ ಸರಿಹೋಗಿದೆ ಅಂದರೆ ಬರೀ ಅಪ್‌ಗ್ರೇಡ್ ಮಾಡಿದರೆ ಟೋಟಲ್ ಸಮಸ್ಯೆ ತೀರುತ್ತಾ? ಮತ್ತೆ ಹಳೆಯ ಡೇಟಾ?

ಎರಡರ_ಘಾತ

ತೀರುವುದಿಲ್ಲ. 3.12ರಿಂದ ಸಮ್ ಪ್ರತಿ ಕೂಡಿಕೆಯಲ್ಲಿ ಉದುರಿದ ಚೂರನ್ನು ಪಕ್ಕದಲ್ಲಿ ಎತ್ತಿಟ್ಟು ಕೊನೆಗೆ ಸೇರಿಸುತ್ತದೆ, ಅದಕ್ಕೆ 1.0. ಫಾರ್ ಲೂಪ್‌ನಲ್ಲಿ += ಬರೆದರೆ 3.12ರಲ್ಲೂ 0.9999999999999999 ಅಂತಲೇ ಬರುತ್ತದೆ. ಮ್ಯಾತ್ ಮಾಡ್ಯೂಲಿನ ಎಫ್‌ಸಮ್ ಹಳೆಯ ಆವೃತ್ತಿಗಳಲ್ಲೂ 1.0 ಕೊಡುತ್ತದೆ. ಆದರೆ ಎಫ್‌ಸಮ್([0.1, 0.2]) ಮಾಡಿ ನೋಡಿ, 0.30000000000000004 ಅಂತಲೇ ಬರುತ್ತದೆ. ಕೂಡುವುದರಲ್ಲಿ ತಪ್ಪಿಲ್ಲ. ಒಳಗಿರುವ 0.1 ಮತ್ತು 0.2ರ ಅಸಲಿ ಮೊತ್ತ ಎರಡು ಫ್ಲೋಟ್‌ಗಳ ನಟ್ಟನಡುವೆ ಬೀಳುತ್ತದೆ, ಸಮದ ನಿಯಮದಂತೆ ಮೇಲಿನದಕ್ಕೆ ಹೋಗುತ್ತದೆ. ಆ ಎರಡರಲ್ಲಿ ಕೆಳಗಿನದೇ ನಾವು 0.3 ಎಂದು ಬರೆದಾಗ ಸಿಗುವ ಫ್ಲೋಟ್. ಕೂಡಿಕೆ ಎಷ್ಟೇ ನಿಖರವಾದರೂ ಹಾಕಿದ ಬೀಜ 0.1 ಅಲ್ಲವಲ್ಲ.

ಉಷ್ಣಾಂಶ, ಜಿಪಿಎಸ್, ಗ್ರಾಫ್ ಮುಂತಾದ ಅಳತೆಗಳಿಗೆ ಫ್ಲೋಟೇ ಸರಿ, 15 ಅಂಕಿಯ ನಿಖರತೆ ಯಾವ ಸೆನ್ಸರ್‌ಗೂ ಬೇಕಿಲ್ಲ. ಅಲ್ಲಿ == ಬಿಟ್ಟು, ಎರಡು ಸಂಖ್ಯೆ ಸಾಕಷ್ಟು ಹತ್ತಿರವೇ ಎಂದು ನೋಡುವ ಈಸ್‌ಕ್ಲೋಸ್ ಬಳಸಿ. ಸೊನ್ನೆಗೆ ಹೋಲಿಸುವಾಗ ಅದರ ಆಬ್ಸ್_ಟಾಲ್ (ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬ ಮಿತಿ) ಕೊಡಲೇಬೇಕು, ಅದರ ಡಿಫಾಲ್ಟ್ 0.0 ಇರುವುದರಿಂದ ಸೊನ್ನೆಯ ಪಕ್ಕದ ಎಷ್ಟು ಚಿಕ್ಕ ಸಂಖ್ಯೆಗೂ ಫಾಲ್ಸ್ ಅನ್ನುತ್ತದೆ.

ದಶಮಾಂಶ

ಹಳೆಯ ಡೇಟಾವನ್ನು ಎರಡು ರಾಶಿ ಮಾಡಿ. ಮನುಷ್ಯರು ಎರಡು ದಶಮಾಂಶದಲ್ಲಿ ಟೈಪ್ ಮಾಡಿದ ಬೆಲೆಗಳು ಒಂದು ರಾಶಿ. ಅವನ್ನು ರೌಂಡ್(ಬೆಲೆ * 100) ಎಂದು ಪೈಸೆಗೆ ತನ್ನಿ, ಇಂಟ್ ಬೇಡ. ಅಲ್ಲಿನ ತಪ್ಪು ಅರ್ಧ ಪೈಸೆಯ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಸುರಕ್ಷಿತ. ಇನ್ನೊಂದು ರಾಶಿ, ಪ್ರೋಗ್ರಾಮೇ ಲೆಕ್ಕ ಹಾಕಿ ರೌಂಡ್ ಮಾಡದೆ ಉಳಿಸಿದ 2.6750000000000003 ಥರದವು. ಅವನ್ನು ರೌಂಡ್ ಮಾಡಿ ನಂಬಬೇಡಿ, ಮೂಲ ಬೆಲೆ ಮತ್ತು ದರದಿಂದ ಹೊಸದಾಗಿ ಲೆಕ್ಕ ಹಾಕಿ. ಗಿರಾಕಿಗೆ ಕೊಟ್ಟಾಗಿರುವ ಬಿಲ್ಲಿನ ಅಂಕಿಯನ್ನು ಮಾತ್ರ ಮುಟ್ಟಬೇಡಿ. ಕಾಗದದ ಮೇಲೆ 2.67 ಎಂದು ಹೋಗಿದ್ದರೆ ಡೇಟಾಬೇಸ್‌ನಲ್ಲೂ 267 ಪೈಸೆಯೇ ಇರಲಿ, ವ್ಯತ್ಯಾಸ ಬೇರೆ ಕಾಲಮ್‌ನಲ್ಲಿ.

ತೆರಿಗೆಪಟ್ಟಿ

ರಿಯಾಯಿತಿಯನ್ನು ಸಾಲುಗಳಿಗೆ ಹಂಚುವಾಗಲೂ ಇದೇ ಪೈಸೆ ತಪ್ಪುತ್ತದೆ. 100 ರೂಪಾಯಿಯನ್ನು ಮೂರು ಸಾಲಿಗೆ 33.33ರಂತೆ ಹಂಚಿದರೆ 99.99. ಡಿವ್‌ಮಾಡ್(10000, 3) ಮಾಡಿ, 3333 ಮತ್ತು ಉಳಿಕೆ 1 ಸಿಗುತ್ತದೆ. ಆ ಒಂದು ಪೈಸೆಯನ್ನು ಮೊದಲ ಸಾಲಿಗೆ ಕೊಡಿ: 33.34, 33.33, 33.33. ಟೆಸ್ಟ್ ಬರೆಯುವಾಗ ಈ ಮೊತ್ತಗಳನ್ನು ಹಾಕಿಕೊಳ್ಳಿ: 53.50ಕ್ಕೆ 5%, 5.00 ಮತ್ತು −5.00ಕ್ಕೆ 2.5%, 10.05ಕ್ಕೆ 9% + 9%, ಎಮ್‌ಆರ್‌ಪಿ 100ಕ್ಕೆ 18%, ತೆರಿಗೆ ಸರಿಯಾಗಿ 112.50 ಬರುವ ಒಂದು ಬಿಲ್, 19.99ರ ಒಂದು ಐಟಂ.